ನೋವನ್ನು ಒತ್ತಿ ತೆಗೆಯುತ್ತೇವೆ ಎನ್ನುವವರ ಬಳಿ ಹೋಗುವ ಮುನ್ನ

ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ ಇರುವವರು, ಅವರ ಮನೆಯವರು ದಯವಿಟ್ಟು ಇದನ್ನು ಓದಿ. ಹತ್ತು ದಿನದಲ್ಲಿ ಮೈನೋವನ್ನು ಬೇರುಸಹಿತ ಕೀಳುತ್ತೇವೆ ಎಂದ ಮಸಾಜ್ ಕೇಂದ್ರವೊಂದಕ್ಕೆ ನಾನು 12,000 ರೂಪಾಯಿ ಮುಂಗಡ ಕಟ್ಟಿದೆ. ಮೂರನೆಯ ದಿನಕ್ಕೆ ಹಾಸಿಗೆ ಹಿಡಿದೆ.

ನನ್ನ ಕಾಯಿಲೆಗೆ ಒಂದು ಹೆಸರು ಸಿಗಲು ನಾಲ್ಕು ವರ್ಷ ಬೇಕಾಯಿತು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಾಗಿಯೇ ಇದ್ದವು. "ಏನೂ ಇಲ್ಲವಲ್ಲಮ್ಮ" ಎಂಬ ಮಾತನ್ನು ಕೇಳಿ ಕೇಳಿ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಕೊನೆಗೆ ಸಂಧಿವಾತ ತಜ್ಞರೊಬ್ಬರು ಬಿಡಿಸಿ ಹೇಳಿದರು: ಈ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತವನ್ನು ಹಿಗ್ಗಿಸಿಬಿಡುತ್ತವೆ. ಅದಕ್ಕೇ ಸೀರೆಯ ಅಂಚು ಸೊಂಟಕ್ಕೆ ಸೋಕಿದರೂ ಉರಿ, ಮಗಳು ಓಡಿಬಂದು ತಬ್ಬಿದರೂ ನೋವು. ಕುಕ್ಕರಿನ ಸೀಟಿ ತಲೆಯೊಳಗೇ ಕೂಗಿದಂತಾಗುತ್ತದೆ. ನೋವು ತಗ್ಗಿಸಲು ವೈದ್ಯರು ಕೊಟ್ಟ ಡುಲಾಕ್ಸೆಟಿನ್ ಮಾತ್ರೆ, ಹತ್ತು ನಿಮಿಷದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿಕೊಂಡ ನಡಿಗೆ, ಇವೆರಡರಿಂದ ಎರಡು ಹೊತ್ತು ಅಡುಗೆ ಮಾಡುವಷ್ಟು ಚೇತರಿಸಿಕೊಂಡಿದ್ದೆ.

ಕೇಂದ್ರದವರು ನನ್ನ ವರದಿಗಳನ್ನು ತೆರೆದೂ ನೋಡಲಿಲ್ಲ. "ವಾತ ಗಂಟು ಕಟ್ಟಿದೆ. ಇಂಗ್ಲಿಷ್ ಮಾತ್ರೆ ಇವತ್ತಿನಿಂದಲೇ ಬಿಡಿ" ಎಂದರು. ಮೊಣಕೈ ಊರಿ ಹೆಗಲು, ಬೆನ್ನು, ತೊಡೆಗಳನ್ನು ಅಮುಕಿದರು. ಅತ್ತರೆ, "ತಡೆದುಕೊಳ್ಳಿ ಅಕ್ಕ, ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ" ಎಂಬ ಸಮಾಧಾನ. ನಾನು ಹಲ್ಲು ಕಚ್ಚಿ ತಡೆದುಕೊಂಡೆ. ವರ್ಷಗಟ್ಟಲೆ ನೋವು ತಿಂದವರಿಗೆ ತಡೆದುಕೊಳ್ಳುವುದು ಅಭ್ಯಾಸವಾಗಿರುತ್ತದೆ, ಇಂಥ ಕೇಂದ್ರದವರಿಗೆ ಅದೇ ಬಂಡವಾಳ.

ಮೂರನೆಯ ರಾತ್ರಿ ಹೊದಿಕೆಯ ಭಾರವನ್ನೂ ಮೈ ತಾಳಲಿಲ್ಲ. ಜೊತೆಗೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝಲ್ಲೆನ್ನುವುದು. ಕೇಂದ್ರಕ್ಕೆ ಫೋನ್ ಮಾಡಿದರೆ ಒಳ್ಳೆಯ ಲಕ್ಷಣ ಎಂದರು. ವೈದ್ಯರು ಹೇಳಿದ್ದೇ ಬೇರೆ: ಝಲ್ಲೆನ್ನುವುದು, ತಲೆಸುತ್ತು ಎಲ್ಲ ಡುಲಾಕ್ಸೆಟಿನ್ ಅನ್ನು ದಿಢೀರನೆ ನಿಲ್ಲಿಸಿದ್ದರ ಫಲ. ಅದನ್ನು ಬಿಡಬೇಕಾದರೂ ವೈದ್ಯರು ಹೇಳಿದಂತೆ ಪ್ರಮಾಣ ಇಳಿಸುತ್ತ ಬಿಡಬೇಕು. ಮೊದಲಿನಷ್ಟು ನಡೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಮಸಾಜ್ ಎಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಮ್ಮ ಬೆಚ್ಚಗಿನ ಎಣ್ಣೆ ಹಚ್ಚಿ ಹಗುರವಾಗಿ ನೀವಿದರೆ ಈಗಲೂ ನಿದ್ದೆ ಬರುತ್ತದೆ. ಆದರೆ ನೋಯುತ್ತಿದೆ ಎಂದರೂ ಕೈ ತೆಗೆಯದವರ ಮುಂದೆ ದಯವಿಟ್ಟು ಮಲಗಬೇಡಿ, ಆ ಕ್ಷಣವೇ ಎದ್ದು ಬನ್ನಿ. ಇಷ್ಟೇ ದಿನದಲ್ಲಿ ಪೂರ್ತಿ ವಾಸಿ ಎನ್ನುವವರನ್ನು, ವೈದ್ಯರನ್ನು ಕೇಳದೆ ಮಾತ್ರೆ ಬಿಡಿಸುವವರನ್ನು ನಂಬಬೇಡಿ. ಪೂರ್ತಿ ಹಣವನ್ನು ಮೊದಲೇ ಕಟ್ಟಬೇಡಿ, ಕಟ್ಟಿದ್ದಕ್ಕೆ ರಸೀದಿ ಕೇಳಿ. ನನ್ನ ಬಳಿ ರಸೀದಿ ಇರಲಿಲ್ಲ, ಹಣ ವಾಪಸ್ ಬರಲಿಲ್ಲ. ಉಳಿದ ಏಳು ದಿನ ಮುಗಿಸಿ ಹೋಗಿ ಎಂದು ಈಗಲೂ ಅಲ್ಲಿಂದ ಕರೆ ಬರುತ್ತದೆ.