ಹಳೆ ಜೀಪಿನ ಪೆಟ್ರೋಲ್ ಪಂಪ್ ರಿಪೇರಿ: ಆಯಿಲ್ ಕಡ್ಡಿ ಮೂಸಿ ನೋಡದೆ ಸ್ಟಾರ್ಟ್ ಮಾಡಬೇಡಿ

ಸೋಮವಾರಪೇಟೆ ಕಡೆಯ ತೋಟವೊಂದರ ಪೆಟ್ರೋಲ್ ಜೀಪು, ಹರಿಕೇನ್ ಇಂಜಿನ್ನಿನದು, ಬೇರಿಂಗ್ ಹೋಗಿ ಶೆಡ್ಡಿನಲ್ಲಿ ನಿಂತಿದೆ. ಕಾರಣ ಪೆಟ್ರೋಲ್ ಪಂಪಿನ ಒಂದು ಅಗ್ಗದ ರಿಪೇರಿ ಕಿಟ್, ಮತ್ತು ಅದನ್ನು ಕೂರಿಸಿದ ರೀತಿ. ಕಕ್ಕಡ ತಿಂಗಳ ಮಳೆಯಿಡೀ ನಿಂತಿದ್ದ ಗಾಡಿ ಕಾಫಿ ಕೊಯ್ಲಿಗೆ ಬೇಕಿತ್ತು. ಗ್ಯಾರೇಜಿನಲ್ಲಿ ಪಂಪಿಗೆ ಹೊಸ ಡಯಾಫ್ರಾಮ್ (ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆದು ತಳ್ಳುವ ರಬ್ಬರ್ ಬಟ್ಟೆಯ ಪದರ) ಹಾಕಿದರು, ಜೀಪು ಚೆನ್ನಾಗೇ ಸ್ಟಾರ್ಟ್ ಆಯಿತು. ಕೆಲವು ವಾರಗಳಲ್ಲೇ ಏರಿನಲ್ಲಿ ಇಂಜಿನ್ ಬಡಿಯತೊಡಗಿತು. ಆಗ ಕಡ್ಡಿ ಎಳೆದರೆ ಆಯಿಲ್ ಫುಲ್ ಗೆರೆಗಿಂತ ಮೇಲಿದೆ, ನೀರಿನಂತೆ ತೆಳು, ಪೆಟ್ರೋಲ್ ವಾಸನೆ. ಅಷ್ಟು ತೆಳುವಾದ ಆಯಿಲ್ ಬೇರಿಂಗನ್ನು ಕಾಯದು.

ಡಯಾಫ್ರಾಮನ್ನು ಎಳೆಯುವ ಪಂಪಿನ ಆರ್ಮ್ ಇಂಜಿನ್ ಒಳಗೆ ತಿರುಗುವ ಕ್ಯಾಮ್‌ಶಾಫ್ಟ್ ಮೇಲೆ ಕೂತಿರುತ್ತದೆ, ಹಾಗಾಗಿ ಪಂಪಿನ ಕೆಳಭಾಗ ಇಂಜಿನ್ ಒಳಕ್ಕೇ ತೆರೆದಿರುತ್ತದೆ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲೆಂದೇ ಕೆಳಗಿನ ಬಾಡಿಯಲ್ಲಿ ಸಣ್ಣ ತೂತು ಇಟ್ಟಿರುತ್ತಾರೆ. ಈ ಜೀಪಿನಲ್ಲಿ ಆ ತೂತಿಗೆ ಕೆಸರು, ಗ್ರೀಸ್ ಮೆತ್ತಿ ಒಣಗಿತ್ತು. ಡಯಾಫ್ರಾಮ್ ಕಡ್ಡಿಯ ಆಯಿಲ್ ಸೀಲನ್ನು ಹಾಕಿಯೇ ಇರಲಿಲ್ಲ. ಸೋರಿದ್ದೆಲ್ಲ ನೇರ ಇಂಜಿನ್ ತಳದ ಆಯಿಲ್ ಚೇಂಬರಿಗೆ.

ಹರಿದದ್ದೇಕೆ? ಡಯಾಫ್ರಾಮನ್ನು ಚಪ್ಪಟೆಯಾಗಿಟ್ಟು ಸ್ಕ್ರೂ ಬಿಗಿದುಬಿಟ್ಟಿದ್ದರು. ಹಾಗೆ ಬಿಗಿದರೆ ಆರ್ಮ್ ಪ್ರತಿ ಸಲ ಕೆಳಗೆಳೆದಾಗಲೂ ಅಂಚಿನಲ್ಲಿ ಜಗ್ಗುತ್ತದೆ, ಬಟ್ಟೆ ಸವೆದು ಬಿರಿಯುತ್ತದೆ. ಸರಿಯಾದ ಕ್ರಮ: ಬಿಚ್ಚುವ ಮೊದಲೇ ಪಂಪಿನ ಮೇಲಿನ, ಕೆಳಗಿನ ಎರಡೂ ಬಾಡಿಗೆ ಸೇರಿ ಅರದಿಂದ ಒಂದು ಗೀರು ಹಾಕಿ, ಇಲ್ಲದಿದ್ದರೆ ಪೈಪಿನ ದಿಕ್ಕು ತಪ್ಪುತ್ತದೆ. ಜೋಡಿಸುವಾಗ ಸ್ಕ್ರೂಗಳನ್ನು ಸಡಿಲವಾಗಿ ಹಿಡಿಸಿ, ಆರ್ಮನ್ನು ಪೂರ್ತಿ ಒತ್ತಿ ಡಯಾಫ್ರಾಮ್ ಕೆಳಗಿಳಿದ ಸ್ಥಿತಿಯಲ್ಲೇ ಹಿಡಿದುಕೊಂಡು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಇದಕ್ಕೆ ಎರಡು ಜೊತೆ ಕೈ ಬೇಕು. ಒಬ್ಬರೇ ಮಾಡಲು ಹೋಗಬೇಡಿ.

ಇನ್ನೊಂದು ಕಾರಣ ಎಥನಾಲ್. ಈಗ ಬಂಕಿನಲ್ಲಿ ಸಿಗುವ, ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಹಳೆಯ ಕಿಟ್ಟಿನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ವರ್ಷಗಟ್ಟಲೆ ಅಂಗಡಿಯಲ್ಲಿ ಕೊಳೆತ ಕಿಟ್‌ಗಳನ್ನೇ ‘ಒರಿಜಿನಲ್’ ಎಂದು ಮಾರುವವರಿದ್ದಾರೆ. ಎರಡು ಡಯಾಫ್ರಾಮ್ ಕೊಳ್ಳಿ, ಒಂದನ್ನು ಗಾಜಿನ ಬಾಟಲಿಯಲ್ಲಿ ಇ20ರೊಳಗೆ ವಾರ ನೆನೆಸಿಡಿ. ಅಂಚು ಸುರುಳಿಯಾದರೆ, ಸ್ಕ್ರೂ ತೂತುಗಳು ಬಾಡಿಯ ತೂತಿಗೆ ಹೊಂದದಿದ್ದರೆ ಅದರ ಜೋಡಿಯನ್ನೂ ಬಿಸಾಡಿ. ಎಥನಾಲ್ ನೀರನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ನಿಂತ ಗಾಡಿಯ ಪಂಪಿನ ಗಾಜಿನ ಬಟ್ಟಲಿನ ತಳದಲ್ಲಿ ನೀರು ಕಂಡರೆ ಬಾಡಿಯೊಳಗೆ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಗುಂಡಿ ಬಿದ್ದಿದ್ದರೆ ಆ ಬಾಡಿಗೆ ಕಿಟ್ ಹಾಕಿ ಪ್ರಯೋಜನವಿಲ್ಲ. ಬಾಡಿಗಳು ಕೂಡುವ ಮುಖ ಸ್ವಲ್ಪ ಬಾಗಿದ್ದರೆ ಮಾತ್ರ ಗಾಜಿನ ಮೇಲೆ 320ರ ಎಮರಿ ಪೇಪರ್ ಹಾಸಿ ಉಜ್ಜಬಹುದು. ಸಿಲಿಕಾನ್ ಪೇಸ್ಟ್ ಬಳಿಯಬೇಡಿ. ಪೆಟ್ರೋಲಿಗೆ ಎದ್ದುಬಂದು ಕಾರ್ಬೊರೇಟರ್ ಜೆಟ್ ಕಟ್ಟುತ್ತದೆ.

ಸ್ಪ್ರಿಂಗ್ ಬದಲಿಸುವ ಚಪಲವೂ ಬೇಡ. ಪೆಟ್ರೋಲಿನ ಒತ್ತಡ ನಿರ್ಧರಿಸುವುದು ಡಯಾಫ್ರಾಮಿನ ಕೆಳಗಿನ ಸ್ಪ್ರಿಂಗ್. ಈ ಇಂಜಿನ್ನಿಗೆ ಬೇಕಾದದ್ದು ಸುಮಾರು 2.5ರಿಂದ 3.75 ಪಿಎಸ್‌ಐ (ಒತ್ತಡದ ಅಳತೆ), ಗಡುಸು ಸ್ಪ್ರಿಂಗ್ ಹಾಕಿದರೆ ಕಾರ್ಬೊರೇಟರಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ಫ್ಲೋಟ್ ಸೂಜಿ ತಡೆಯಲಾರದೆ ಕಾರ್ಬೊರೇಟರ್ ಉಕ್ಕುತ್ತದೆ.

ಪಂಪನ್ನು ಇಂಜಿನ್ನಿಗೆ ಕೂರಿಸುವಾಗ ಆರ್ಮ್ ಕ್ಯಾಮಿನ ಮೇಲೆ ಸರಿಯಾಗಿ ಬಂದಿದೆಯೇ ಕೈಯಲ್ಲೇ ಒತ್ತಿ ತಿಳಿಯಿರಿ, ಬೋಲ್ಟಿನಿಂದ ಎಳೆದು ಕೂರಿಸಬೇಡಿ. ಮಧ್ಯದ ಪ್ಯಾಕಿಂಗ್ ದಪ್ಪವಾದರೆ ಆರ್ಮಿನ ಓಟ ಕಡಿಮೆಯಾಗುತ್ತದೆ, ಏರಿನಲ್ಲಿ ಪೆಟ್ರೋಲ್ ಸಾಲುವುದಿಲ್ಲ.

ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದಿದ್ದರೆ ‘ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಅನ್ನಬೇಡಿ, ಚೇಂಬರಿನಲ್ಲಿ ತುಂಬಿದ ಆವಿಗೆ ಬೆಂಕಿ ತಗುಲಬಹುದು. ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಪಂಪ್ ಸರಿಯಾದ ಮೇಲಷ್ಟೇ ಹೊಸ ಆಯಿಲ್ ಹಾಕಿ. ಮೊದಲ ಕೆಲವು ಓಡಾಟಗಳಲ್ಲಿ ಪ್ರತಿ ಓಡಾಟದ ನಂತರವೂ ಆಯಿಲ್ ಕಡ್ಡಿ ನೋಡಿ, ಸೋರು ತೂತಿಗೆ ಸಣ್ಣ ತಂತಿ ಹಾಕಿ ತೆರೆದಿದೆಯೇ ಖಚಿತಪಡಿಸಿಕೊಳ್ಳಿ. ಅಲ್ಲಿ ಪೆಟ್ರೋಲ್ ತೊಟ್ಟಿಕ್ಕಿದರೆ ಡಯಾಫ್ರಾಮ್ ಹೋಗಿದೆ, ಆಯಿಲ್ ತೊಟ್ಟಿಕ್ಕಿದರೆ ಸೀಲ್.