ಹಿತ್ತಲಿಗೆ ಯಾವ ತಳಿ? ನೆಟ್ಟು, ತಿಂದು ನೋಡಿದ ಮೇಲೆ ಹೇಳ್ತಿದ್ದೇನೆ

ಹಿತ್ತಲಲ್ಲಿ ಒಂದೇ ಒಂದು ಸೀಬೆ ಗಿಡಕ್ಕೆ ಜಾಗ ಇದ್ರೆ ಅರ್ಕಾ ಮೃದುಲಾ ಹಾಕಿ. ಎರಡಕ್ಕೆ ಜಾಗ ಇದ್ರೆ ಪಕ್ಕದಲ್ಲಿ ಅರ್ಕಾ ಕಿರಣ್ ಇರಲಿ. ಎರಡೂ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ತಳಿಗಳು. ತುಮಕೂರಿನ ನಮ್ಮ ಮನೆಯ ಕೆಂಪು ಮಣ್ಣಿನಲ್ಲಿ ಎರಡೂ ಚೆನ್ನಾಗಿ ಬಂದಿವೆ. ಗುಣ ಮಾತ್ರ ಪೂರ್ತಿ ಬೇರೆ.

ಮೃದುಲಾ ಅನ್ನೋದು ಅಲಹಾಬಾದ್ ಸಫೇದಾ ಸಸಿಗಳಲ್ಲಿ ಆರಿಸಿ ತೆಗೆದ ತಳಿ. ತಿರುಳು ಬಿಳಿ, ಒಳ್ಳೆ ಸಿಹಿ, ಬೀಜ ಮೆತ್ತಗೆ. ನಮ್ಮ ಅತ್ತೆ ಹಲ್ಲಿನ ಸೆಟ್ ಹಾಕ್ತಾರೆ. ಸೀಬೆ ಅಂದ್ರೆ ಅವರಿಗೆ ಪ್ರಾಣ, ಆದರೆ ಬೀಜದ ಕಾಟಕ್ಕೆ ತಿನ್ನೋದನ್ನೇ ಬಿಟ್ಟಿದ್ದರು. ಈಗ ಹಣ್ಣಿನ ಕಾಲದಲ್ಲಿ ಸಂಜೆ ಆದ್ರೆ ಸಾಕು, ಹೋಳು ಮಾಡಿ ಉಪ್ಪು ಖಾರದ ಪುಡಿ ಉದುರಿಸಿಕೊಂಡು ಕೂರುತ್ತಾರೆ. ನನಗೆ ಈ ಗಿಡ ಇಷ್ಟವಾಗೋಕೆ ಅಷ್ಟೇ ಕಾರಣ ಸಾಕು.

ಕಿರಣ್‌ನ ತಿರುಳು ಗಾಢ ಕೆಂಪು. ಕಾಮ್ಸರಿ ಮತ್ತು ಪರ್ಪಲ್ ಲೋಕಲ್ ಎಂಬ ಎರಡು ತಳಿಗಳನ್ನು ಸೇರಿಸಿ ಮಾಡಿದ ಹೈಬ್ರಿಡ್ ಇದು. ಕೆಂಪಿಗೆ ಕಾರಣ ಲೈಕೋಪೀನ್, ಟೊಮೆಟೊಗೆ ಬಣ್ಣ ಕೊಡೋದೂ ಅದೇ. ಜ್ಯೂಸ್ ಮಾಡಿದ್ರೆ ಬಣ್ಣ ಹಾಕೋದೇ ಬೇಡ. ಆದರೆ ತಿರುಳು ಗಟ್ಟಿ, ಬೀಜವೂ ಮೃದುಲಾದಷ್ಟು ಮೆತ್ತಗಿಲ್ಲ. ಹಾಗಾಗಿ ಕಚ್ಚಿ ತಿನ್ನೋಕೆ ಮೃದುಲಾ, ಮಿಕ್ಸಿಗೆ ಕಿರಣ್. ಸೀಬೆಯಲ್ಲಿ ಹೊಸ ಚಿಗುರಿನ ಮೇಲೇ ಹೂ ಬರೋದು. ಕೊಯ್ಲು ಮುಗಿದ ಮೇಲೆ ಕೊಂಬೆ ಸವರಲೇಬೇಕು. ಪಾಪ ಅಂತ ಬಿಟ್ಟರೆ ಗಿಡ ಎತ್ತರ ಹೋಗುತ್ತೆ, ಹಣ್ಣು ಕೈಗೆ ಸಿಗಲ್ಲ.

ಮಾವಿನ ವಿಷಯಕ್ಕೆ ಬಂದ್ರೆ ಎಲ್ಲರೂ ಮೊದಲು ಕೇಳೋದು ಬಾದಾಮಿ. ಬೇಡ ಅಂತೀನಿ. ಬಾದಾಮಿ ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಒಂದು ವರ್ಷ ಬಿಟ್ಟು ಒಂದು ವರ್ಷ ಬಿಡುವ ಮರ. ಜೊತೆಗೆ ಹೊರಗಿಂದ ಬಂಗಾರದ ಹಾಗೆ ಕಾಣುವ ಹಣ್ಣನ್ನು ಕೊಯ್ದರೆ ಕೆಲವೊಮ್ಮೆ ಒಳಗೆ ಸ್ಪಂಜಿನಂತೆ ಬಿಳಿಚಿಕೊಂಡಿರುತ್ತೆ. ಹತ್ತಾರು ಮರ ಇರೋರಿಗೆ ಅದು ನಡೆಯುತ್ತೆ, ಒಂದೇ ಮರ ಇರೋ ಮನೆಗೆ ಅಲ್ಲ. ಸೀಕರಣೆಗೆ ರಸಪುರಿಯನ್ನು ಮೀರಿಸೋ ಹಣ್ಣಿಲ್ಲ, ಆದರೆ ಅದು ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತೆ.

ನನ್ನ ಆಯ್ಕೆ ಮಲ್ಲಿಕಾ. ನೀಲಂ ಮತ್ತು ದಶೇರಿಯ ಮಗಳು, ದೆಹಲಿಯಲ್ಲಿ ಹುಟ್ಟಿದ ತಳಿ. ಆದರೂ ನಮ್ಮ ಬಯಲುಸೀಮೆಗೆ ಎಷ್ಟು ಚೆನ್ನಾಗಿ ಒಗ್ಗಿದೆ ಅಂದ್ರೆ ಇಲ್ಲಿಯದೇ ಅನ್ನಬೇಕು. ದೊಡ್ಡ ಹಣ್ಣು, ತೆಳ್ಳನೆ ವಾಟೆ, ನಾರೇ ಇಲ್ಲ. ಬೇರೆ ಹಣ್ಣೆಲ್ಲ ಮುಗಿಯುತ್ತಾ ಬಂದಾಗ ಇದರ ಕಾಲ ಶುರು. ಒಂದು ಎಚ್ಚರಿಕೆ: ಮಲ್ಲಿಕಾ ಮರದ ಮೇಲೆ ಹಳದಿ ಆಗಲಿ ಅಂತ ಕಾಯಬೇಡಿ. ಕಾಯಿಯ ಹೆಗಲು, ಅಂದ್ರೆ ತೊಟ್ಟಿನ ಅಕ್ಕಪಕ್ಕದ ಭಾಗ, ತುಂಬಿಕೊಂಡ ಮೇಲೆ, ಹಸಿರಿದ್ದಾಗಲೇ ತೊಟ್ಟಿನ ಸಮೇತ ಕಿತ್ತು ಹುಲ್ಲಿನಲ್ಲಿಡಿ. ಹುಲ್ಲಿನಲ್ಲಿ ಬಣ್ಣ ಬಂದ ಕೂಡಲೇ ಹೆಚ್ಚಿ ತಿಂದು ಸಪ್ಪೆ ಅಂತ ಬೈಯೋರನ್ನು ನೋಡಿದ್ದೇನೆ. ಸಿಪ್ಪೆ ಸ್ವಲ್ಪ ಸುಕ್ಕುಗಟ್ಟುವವರೆಗೆ ಬಿಡಿ. ಆಮೇಲೆ ತಿಂದು ನೋಡಿ, ಎಂಥ ಸಿಹಿ! ಜಾಗ ತೀರಾ ಕಮ್ಮಿ ಇದ್ರೆ ಆಮ್ರಪಾಲಿ ಆಗಬಹುದು. ಅದು ದಶೇರಿ ಮತ್ತು ನೀಲಂ ಸೇರಿದ್ದು. ಗಿಡ ಗಿಡ್ಡ, ಹಣ್ಣು ಸಣ್ಣದು, ತಿರುಳು ಕಿತ್ತಳೆ ಬಣ್ಣ.

ಹಲಸಿನಲ್ಲಿ ನಮ್ಮ ಜಿಲ್ಲೆಯದೇ ಸಿದ್ದು ಇದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಸಿದ್ದಪ್ಪನವರ ಜಮೀನಿನ ಮರ ಅದು. ಅದರಿಂದ ಕಸಿ ಗಿಡ ಮಾಡಲು ಹೆಸರಘಟ್ಟದವರು 2017ರಲ್ಲಿ ಒಪ್ಪಂದ ಮಾಡಿಕೊಂಡರು. ಹಣ್ಣು ಸುಮಾರು ಎರಡೂವರೆ ಕೆಜಿ, ತೊಳೆ ಕೆಂಪು. ಒಂದು ಮನೆಯವರು ಒಂದೇ ಸಲಕ್ಕೆ ತಿಂದು ಮುಗಿಸುವ ಹಲಸು ಅಂದ್ರೆ ಇದೇ. ಆದರೆ ಹಣ್ಣು ಸಣ್ಣದು ಅಂತ ಮರ ಸಣ್ಣದಾಗಲ್ಲ. ಸೈಟಿನ ಮೂಲೆಗೆ ಬೇಡ, ಹೊಲದ ಬದುವಿಗೆ ಹಾಕಿ.

ಕಸಿ ಗಿಡ ತರುವಾಗ ಜಾಗ ನೋಡಿ ತನ್ನಿ. ರಸ್ತೆ ಬದಿಯ ಒಂದು ನರ್ಸರಿಯವರು ನಮಗೆ ಮಲ್ಲಿಕಾ ಅಂತ ಚೀಟಿ ಕಟ್ಟಿ ಕೊಟ್ಟದ್ದು ನಾಟಿ ಮಾವು. ಅದು ಗೊತ್ತಾಗೋಕೆ ಕಾಯಿ ಬಿಡೋ ತನಕ ಕಾಯಬೇಕಾಯಿತು. ದುಡ್ಡಿಗಿಂತ ಹೋದ ವರ್ಷಗಳದ್ದೇ ಹೊಟ್ಟೆಉರಿ. ಈಗ ಸಂಶೋಧನಾ ಸಂಸ್ಥೆಯಿಂದ ಅಥವಾ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದಲೇ ತರ್ತೀವಿ. ಕಸಿ ಕಟ್ಟಿದ ಗಂಟು ಕಾಣಬೇಕು. ಆ ಗಂಟಿನ ಕೆಳಗೆ ಚಿಗುರು ಬಂದ್ರೆ ಕಂಡ ಕೂಡಲೇ ಚಿವುಟಿ.

ಇನ್ನು ಮೆಣಸಿನಕಾಯಿ. ಹಿತ್ತಲಲ್ಲಿ ಬ್ಯಾಡಗಿ ಬೆಳೀಬೇಕು ಅಂತ ಆಸೆಪಡೋರು ಜಾಸ್ತಿ. ಹಾವೇರಿ, ಧಾರವಾಡ, ಗದಗದ ಕಪ್ಪು ಮಣ್ಣಿನ ಬೆಳೆ ಅದು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಹುಳಿಪುಡಿಗೆ ವರ್ಷಕ್ಕೆ ಕೆಜಿಗಟ್ಟಲೆ ಬೇಕು, ನಾಲ್ಕು ಗಿಡದಿಂದ ಏನಾಗುತ್ತೆ? ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡನ್ನೂ ಅಂಗಡಿಯಿಂದ ತನ್ನಿ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಸುಕ್ಕುಸುಕ್ಕಾಗಿರುತ್ತೆ. ಡಬ್ಬಿ ಗಿಡ್ಡ, ದಪ್ಪ. ನಾನು ತರೋದು ಡಬ್ಬಿ.

ಹಿತ್ತಲಿಗೆ ಬೇಕಾಗಿರೋದು ದಿನದ ಒಗ್ಗರಣೆಗೆ ಹಸಿಮೆಣಸಿನಕಾಯಿ. ಅದಕ್ಕೆ ಅರ್ಕಾ ಮೇಘನಾ ಒಳ್ಳೇದು. ಮೆಣಸಿನ ಗಿಡವನ್ನು ಹಾಳುಮಾಡೋದು ಎಲೆ ಮುದುಡುವ ರೋಗ, ಮೇಘನಾ ಅಂಥ ವೈರಸ್ ರೋಗಗಳನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತೆ. ಆದರೆ ಅದು ಹೈಬ್ರಿಡ್. ಅದರ ಬೀಜ ಎತ್ತಿಟ್ಟು ಬಿತ್ತಿದ್ರೆ ಗಿಡಗಳು ಒಂದೊಂದು ಥರ ಬರ್ತವೆ, ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ಬೀಜ ನಮ್ಮದೇ ಇರಬೇಕು ಅನ್ನೋರು ಅರ್ಕಾ ಲೋಹಿತ್ ಹಾಕಿ. ನೇರ, ನುಣುಪು ಕಾಯಿ, ಖಾರ ಜೋರು, ಒಂದು ಹಾಕೋ ಕಡೆ ಅರ್ಧ ಸಾಕು. ಒಳ್ಳೆ ಗಿಡ ನೋಡಿ ಪೂರ್ತಿ ಕೆಂಪಾದ ಹಣ್ಣಿನಿಂದ ಬೀಜ ತೆಗೆಯಿರಿ. ಪಕ್ಕದಲ್ಲಿ ಬೇರೆ ಮೆಣಸಿನ ಗಿಡ ಇರಬಾರದು, ದುಂಬಿ ಜೇನು ಓಡಾಡಿ ತಳಿ ಬೆರೆಯುತ್ತೆ.