ಅಮೆರಿಕದ ಕೆಂಟಕಿ ಡರ್ಬಿ ಕುದುರೆ ರೇಸಿಗೆ ‘ಟ್ರ್ಯಾಕ್ ಮಧ್ಯದ ಟಿಕೆಟ್’ ಇದೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ದುಡ್ಡು ಕಳಿಸ್ಬೇಡಿ

ಇಷ್ಟು ದಿನ ಸುಮ್ನಿದ್ದೆ. ಮನೆಯೋರಿಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ, ನಾಚಿಕೆ ಆಗ್ತಿತ್ತು. ಆದ್ರೆ ಮೊನ್ನೆ ಸ್ನೇಹಿತರೊಬ್ರು ಫಾರ್ವರ್ಡ್ ಮಾಡಿದ ಮೆಸೇಜ್ ನೋಡಿದೆ, ‘ಡರ್ಬಿ 2026 ಪ್ಯಾಕೇಜ್, ನಮ್ಮ ಕನ್ನಡದೋರಿಗೆ ಸ್ಪೆಷಲ್ ರೇಟ್, ಟ್ರ್ಯಾಕ್ ಮಧ್ಯದಿಂದಲೇ ನೋಡಿ’ ಅಂತ. ಅದೇ ಮಾತು, ಅದೇ ಫೋಟೋ, ನಂಗೆ ಟಿಕೆಟ್ ಮಾರಿ ಮೋಸ ಮಾಡಿದ ಅದೇ ಮನುಷ್ಯ. ನೋಡಿದ ತಕ್ಷಣ ಕೈ ನಡುಗಿತು. ಅದಕ್ಕೆ ಈಗ ಬರೀತಿದೀನಿ, ಉದ್ದ ಆದ್ರೂ ಪೂರ್ತಿ ಓದಿ.

ನಾವಿರೋದು ಚಿಕಾಗೋದಲ್ಲಿ. 2025ರ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಮೈಸೂರಿಂದ ಬಂದಿದ್ರು. ಅಪ್ಪಂಗೆ ಕುದುರೆ ಅಂದ್ರೆ ಪ್ರಾಣ. ಜೂಜಿನ ಹುಚ್ಚಲ್ಲ, ದಸರಾ ಟೈಮಲ್ಲಿ ಚಾಮುಂಡಿ ಬೆಟ್ಟದ ಕೆಳಗಿನ ರೇಸ್ ಕೋರ್ಸಿಗೆ ಹೋಗಿ ಬರೀ ಪ್ಯಾಡಕ್ (ಓಟಕ್ಕೆ ಮೊದ್ಲು ಕುದುರೆಗಳನ್ನ ನಡೆಸೋ ಅಂಗಳ) ಹತ್ರ ನಿಂತು ಕುದುರೆ ನಡೆಯೋದನ್ನ ನೋಡ್ಕೊಂಡು ಬರೋ ಮನುಷ್ಯ. ಓಟ ನೋಡೋದಲ್ಲ, ನಡಿಗೆ ನೋಡ್ಬೇಕು ಅಂತ ನಂಗೆ ಚಿಕ್ಕಂದಿನಿಂದ ಹೇಳೋರು. ಇಲ್ಲಿಗೆ ಬಂದಾಗ ಅವರು ನಯಾಗರಾ ಕೇಳ್ಲಿಲ್ಲ, ನ್ಯೂಯಾರ್ಕ್ ಕೇಳ್ಲಿಲ್ಲ, ಮೇ ತಿಂಗಳ ಮೊದಲ್ನೇ ಶನಿವಾರ ಡರ್ಬಿ ನಡೆಯೋ ಲೂಯಿವಿಲ್ ಎಷ್ಟು ದೂರ ಅಂತ ಕೇಳಿದ್ರು. ಅಲ್ಲಿನ ಚರ್ಚಿಲ್ ಡೌನ್ಸ್ ರೇಸ್ ಕೋರ್ಸ್, 1875ರಿಂದ ಪ್ರತಿ ವರ್ಷ ನಡೀತಿರೋ ರೇಸ್, 1973ರಲ್ಲಿ ಸೆಕ್ರಟೇರಿಯಟ್ ಅನ್ನೋ ಕುದುರೆ ಎರಡು ನಿಮಿಷಕ್ಕಿಂತ ಕಡಿಮೆಯಲ್ಲಿ ಓಡಿದ ಟ್ರ್ಯಾಕು, ಇವೆಲ್ಲ ಅವರಿಗೆ ಬಾಯಿಪಾಠ. ಎಪ್ಪತ್ತೊಂದು ವರ್ಷ ಅವರಿಗೆ, ಮಂಡಿ ನೋವಿದೆ, ಇನ್ನೊಂದ್ಸಲ ಬರ್ತಾರೋ ಇಲ್ವೋ ಗೊತ್ತಿಲ್ಲ. ಎಷ್ಟಾದ್ರೂ ಆಗ್ಲಿ ಕರ್ಕೊಂಡು ಹೋಗೇ ಹೋಗ್ತೀನಿ ಅಂತ ತೀರ್ಮಾನ ಮಾಡ್ದೆ. ‘ಎಷ್ಟಾದ್ರೂ ಆಗ್ಲಿ’ ಅಂತ ಆ ಟಿಕೆಟ್ ಮಾರೋನಿಗೂ ಹೇಳ್ಬಿಟ್ಟೆ, ಅದೇ ನಾನು ಮಾಡಿದ ಮೊದಲ್ನೇ ತಪ್ಪು.

ಅವನು ಸಿಕ್ಕಿದ್ದು ನಮ್ಮೋರದ್ದೇ ಒಂದು ವಾಟ್ಸಾಪ್ ಗುಂಪಲ್ಲಿ. ಹೆಸರು ಹಾಕಲ್ಲ. ಫೋನ್ ಮಾಡ್ದೆ, ಒಳ್ಳೆ ಮೈಸೂರು ಕನ್ನಡ, ಅಪ್ಪಂಗೆ ಮಂಡಿ ನೋವಿದೆ ಸೀಟ್ ಬೇಕೇ ಬೇಕು ಅಂದೆ. ‘ಅಯ್ಯೋ ಅಂಕಲ್ಲಾ, ನಮ್ಮಪ್ಪನ ಥರಾನೇ ಸರ್, ಬೆಸ್ಟ್ ಜಾಗ ಕೊಡಿಸ್ತೀನಿ, ಗ್ರಾಂಡ್‌ಸ್ಟ್ಯಾಂಡಲ್ಲಿ ಕೂತ್ರೆ ದೂರ, ನಿಮಗೆ ಟ್ರ್ಯಾಕ್ ಮಧ್ಯದಿಂದಲೇ, ಫಿನಿಶ್ ಲೈನ್ ಕಡೆ’ ಅಂದ. ನನಗೆ ಈ ದೇಶದ ರೇಸ್ ಕೋರ್ಸ್ ಒಂದೂ ನೋಡಿ ಗೊತ್ತಿಲ್ಲ. ಮಧ್ಯ ಅಂದ್ರೆ ಇನ್ನೂ ಹತ್ರ, ಇನ್ನೂ ಚೆನ್ನಾಗಿ ಕಾಣುತ್ತೆ ಅನ್ಕೊಂಡೆ. ಮೂರು ಟಿಕೆಟ್, ಒಂದಕ್ಕೆ 390 ಡಾಲರ್, ಜೊತೆಗೆ ‘ಐದು ನಿಮಿಷ ನಡೆಯೋ ದೂರದಲ್ಲಿ ರಿಸರ್ವ್ಡ್ ಪಾರ್ಕಿಂಗ್’ ಅಂತ 80 ಡಾಲರ್. ಒಟ್ಟು 1250. ಬ್ಯಾಂಕ್ ಆ್ಯಪಲ್ಲಿ ನೇರವಾಗಿ ಅವನ ನಂಬರಿಗೆ ಕಳಿಸ್ದೆ. ಕಾರ್ಡಲ್ಲಿ ಕೊಡ್ತೀನಿ ಅಂದಿದ್ದಕ್ಕೆ ‘ಕಾರ್ಡಾದ್ರೆ ಫೀಸ್ ಜಾಸ್ತಿ ಸರ್, ನಮ್ಮ ನಮ್ಮಲ್ಲಿ ಯಾಕೆ’ ಅಂದ. ನಮ್ಮ ನಮ್ಮಲ್ಲಿ! ಈ ಮಾತು ನೆನಪಾದ್ರೆ ಈಗಲೂ ನಿದ್ದೆ ಬರಲ್ಲ.

ದುಡ್ಡು ಹೋದ್ಮೇಲೆ ಟಿಕೆಟ್ ಬರ್ಲೇ ಇಲ್ಲ. ಅಲ್ಲಿ ಟಿಕೆಟ್ ಎಲ್ಲಾ ಮೊಬೈಲಲ್ಲೇ, ಒಬ್ಬರ ಅಕೌಂಟಿಂದ ಇನ್ನೊಬ್ಬರಿಗೆ ಟ್ರಾನ್ಸ್‌ಫರ್ ಮಾಡ್ಬೇಕು. ಕೇಳ್ದಾಗೆಲ್ಲ ‘ಸಿಸ್ಟಮ್ ರಿಲೀಸ್ ಮಾಡಿಲ್ಲ ಸರ್’, ‘ನಾಳೆ ಬೆಳಿಗ್ಗೆ ಸರ್’, ‘ಟೆನ್ಶನ್ ತಗೋಬೇಡಿ ಸರ್’. ಈ ಮಧ್ಯೆ ಹೋಟೆಲ್ ಬೇರೆ ಬುಕ್ ಮಾಡ್ಬೇಕಿತ್ತು, ಡರ್ಬಿ ವಾರ ಲೂಯಿವಿಲ್ ಒಳಗೆ ಮುಟ್ಟೋಕಾಗಲ್ಲ, ಎರಡು ರಾತ್ರಿ ಕಡ್ಡಾಯ ಅಂದ್ರು. ಓಹಾಯೊ ನದಿ ದಾಟಿ ಇಂಡಿಯಾನಾ ಕಡೆ ಒಂದು ಮೋಟೆಲ್ ಸಿಕ್ತು, ಮಾಮೂಲಿ ದಿನದ ಮೂರು ಪಟ್ಟು ರೇಟು. ಅದು ಬಿಡಿ, ಅದು ಎಲ್ರಿಗೂ ಆಗುತ್ತೆ.

ಶುಕ್ರವಾರ ಐದಾರು ಗಂಟೆ ಕಾರ್ ಓಡಿಸ್ಕೊಂಡು ಹೋಗಿ ಸೇರಿದ್ವಿ. ರಾತ್ರಿ ಹನ್ನೊಂದಕ್ಕೆ ಟಿಕೆಟ್ ಬಂತು. ಓಪನ್ ಮಾಡಿ ನೋಡ್ತೀನಿ, ‘ಇನ್‌ಫೀಲ್ಡ್ ಜನರಲ್ ಅಡ್ಮಿಶನ್’. ಸೆಕ್ಷನ್ ಇಲ್ಲ, ರೋ ಇಲ್ಲ, ಸೀಟ್ ನಂಬರ್ ಇಲ್ಲ. ಹೊಟ್ಟೆಯಲ್ಲಿ ಏನೋ ಆಯ್ತು. ತಕ್ಷಣ ಮೆಸೇಜ್ ಹಾಕ್ದೆ. ಅವನ ಉತ್ತರ ಹಾಗೇ ಇಡ್ತೀನಿ: ‘ಇನ್‌ಫೀಲ್ಡ್ ಅಂದ್ರೆ ಟ್ರ್ಯಾಕ್ ಮಧ್ಯನೇ ಸರ್. ಸೀಟ್ ನಂಬರ್ ಗೇಟಲ್ಲಿ ಕೊಡ್ತಾರೆ. ಬೇಗ ಹೋಗಿ.’ ನಂಬ್ದೆ. ಅಪ್ಪ ಪಕ್ಕದ ಹಾಸಿಗೆ ಮೇಲೆ ಕೂತು ಪೆನ್ಸಿಲ್ಲಲ್ಲಿ ಕುದುರೆಗಳ ಪಟ್ಟಿಗೆ ಗುರುತು ಹಾಕ್ತಿದ್ರು, ಜರ್ನಲಿಸಂ ಅನ್ನೋ ಕುದುರೆ ಫೇವರಿಟ್ ಅಂತೆ, ಆದ್ರೆ ನಾಳೆ ಮಳೆ ಬಂದ್ರೆ ಲೆಕ್ಕವೇ ಬೇರೆ ಅಂತಿದ್ರು. ಆ ಮುಖ ನೋಡಿ ನಂಬ್ದೆ ಇರೋಕಾಗ್ಲಿಲ್ಲ.

ಬೆಳಿಗ್ಗೆ ಮಳೆ. ಅವನು ಕೊಟ್ಟ ಪಾರ್ಕಿಂಗ್ ಅಡ್ರೆಸ್ಸಿಗೆ ಹೋದ್ರೆ ಅದು ಯಾರದ್ದೋ ಮನೆ ಮುಂದಿನ ಹುಲ್ಲುಹಾಸು. ಆ ಏರಿಯಾದಲ್ಲಿ ಡರ್ಬಿ ದಿನ ಮನೆಯೋರು ತಮ್ಮ ಅಂಗಳದಲ್ಲೇ ಕಾರ್ ನಿಲ್ಲಿಸ್ಕೊಂಡು ದುಡ್ಡು ತಗೋತಾರೆ, ಅದು ಅಲ್ಲಿನ ವಾಡಿಕೆ, ತಪ್ಪೇನಿಲ್ಲ. ಆದ್ರೆ ಆ ಮನೆಯೋರಿಗೆ ನನ್ನ ಹೆಸರೂ ಗೊತ್ತಿಲ್ಲ, ಅವನ ಹೆಸರೂ ಗೊತ್ತಿಲ್ಲ. ಮತ್ತೆ ಕ್ಯಾಶ್ ಕೊಟ್ಟು ನಿಲ್ಲಿಸ್ದೆ. ಐದು ನಿಮಿಷ ಅಂದಿದ್ದ, ಅಪ್ಪನ ನಡಿಗೆಗೆ ಅರ್ಧ ಗಂಟೆ ಮೇಲಾಯ್ತು. ಗೇಟಲ್ಲಿ ಅಮ್ಮನ ಕೊಡೆ ಒಳಗೆ ಬಿಡ್ಲಿಲ್ಲ. ಕೊಡೆ ನಿಷೇಧ, ಮಳೆ ಬಂದ್ರೂ ನಿಷೇಧ, ಇದು ನಾನೇ ಮೊದ್ಲೇ ಓದ್ಕೋಬೇಕಿತ್ತು, ಅದು ಅವನ ತಪ್ಪಲ್ಲ. ಮಳೆ ಕೋಟು ತಗೊಂಡು ಹೋಗಿ.

ಈಗ ಮುಖ್ಯ ವಿಷಯ. ಗೇಟಲ್ಲಿ ಫೋನ್ ಸ್ಕ್ಯಾನ್ ಮಾಡಿದ ಹೆಂಗಸನ್ನ ನಾನು ಕೇಳ್ದೆ, ನಮ್ಮ ಸೀಟ್ ನಂಬರ್ ಎಲ್ಲಿ ಕೊಡ್ತಾರೆ ಅಂತ. ಆಕೆ ನನ್ನ ಮುಖ ನೋಡಿದ್ಲು, ಆಮೇಲೆ ಅಪ್ಪನ ಕಡೆ ನೋಡಿದ್ಲು, ಕೋಲು ಹಿಡ್ಕೊಂಡು ನಿಂತಿದ್ರು ಅವರು, ಒಳ್ಳೆ ಬಟ್ಟೆ ಹಾಕ್ಕೊಂಡು, ಡರ್ಬಿಗೆ ಅಂತಾನೇ ತಗೊಂಡಿದ್ದ ಹ್ಯಾಟ್ ಹಾಕ್ಕೊಂಡು. ಆಕೆ ತುಂಬಾ ಮೆಲ್ಲಗೆ ಹೇಳಿದ್ಲು, ಈ ಟಿಕೆಟಿಗೆ ಸೀಟಿಲ್ಲ, ನಿಂತ್ಕೊಳ್ಳೋ ಜಾಗ ಅಷ್ಟೇ, ಹುಲ್ಲು, ಅಲ್ಲಿಂದ ರೇಸ್ ಸರಿಯಾಗಿ ಕಾಣೋದಿಲ್ಲ ಅಂತ. ನಾನು ಮತ್ತೆ ಕೇಳ್ದೆ. ಆಕೆ ಮತ್ತೆ ಅದೇ ಹೇಳಿದ್ಲು. ಹಿಂದೆ ಕ್ಯೂ ತಳ್ತಿತ್ತು. ಅಪ್ಪ ‘ಏನಂತೆ?’ ಅಂದ್ರು. ನಾನು ‘ಏನಿಲ್ಲ, ಒಳಗೆ ಹೋಗಿ ನೋಡೋಣ’ ಅಂದೆ. ಆ ಒಂದು ಕ್ಷಣ ನಾನು ನನ್ನಪ್ಪಂಗೆ ಸುಳ್ಳು ಹೇಳ್ದೆ. 1250 ಡಾಲರ್ ಒಂದು ಕಡೆ, ಇದೊಂದು ಕಡೆ.

ಇನ್‌ಫೀಲ್ಡ್ ಅಂದ್ರೆ ಏನು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಟ್ರ್ಯಾಕ್ ಅಂಡಾಕಾರ ಇರುತ್ತಲ್ಲ, ಅದರ ನಡುವಿನ ಮೈದಾನ ಅದು. ಟ್ರ್ಯಾಕ್ ಕೆಳಗಿನ ಸುರಂಗದಲ್ಲಿ ನಡೆದು ಆ ಕಡೆ ಏಳ್ಬೇಕು. ಚರ್ಚಿಲ್ ಡೌನ್ಸಿಗೆ ಆ ದಿನ ಒಂದೂವರೆ ಲಕ್ಷದ ಹತ್ರ ಜನ ಬರ್ತಾರೆ, ಅದರಲ್ಲಿ ಹತ್ತಾರು ಸಾವಿರ ಜನ ಆ ಮೈದಾನದಲ್ಲೇ ಇರ್ತಾರೆ. ಅಲ್ಲಿಗೆ ಹೋಗೋರು ಹೆಚ್ಚಿನೋರು ಕುದುರೆ ನೋಡೋಕೆ ಹೋಗಲ್ಲ, ಪಾರ್ಟಿಗೆ ಹೋಗ್ತಾರೆ, ಕಾಲೇಜ್ ಹುಡುಗ್ರು, ಕುಡಿತ, ಕುಣಿತ, ಕೆಸರು. ಅವರಿಗೆ ಗೊತ್ತಿದ್ದೇ ತಗೊಂಡಿರ್ತಾರೆ, ಅವರ ಸಂತೋಷ ಅವರದ್ದು. ಆದ್ರೆ ಮಂಡಿ ನೋವಿರೋ ಮನುಷ್ಯಂಗೆ, ಸೀಟ್ ಬೇಕೇ ಬೇಕು ಅಂತ ಹೇಳಿ ತಗೊಂಡೋರಿಗೆ, ಇದನ್ನ ಹೇಗೆ ಮಾರ್ತಾನೆ ಒಬ್ಬ? ಪ್ಯಾಡಕ್ ಕಡೆಗಾದ್ರೂ ಹೋಗಿ ಕುದುರೆ ನಡೆಯೋದನ್ನ ನೋಡೋಣ ಅಂದ್ರೆ ಈ ಟಿಕೆಟಿಗೆ ಆ ಕಡೆ ಬಿಡಲ್ಲ ಅಂದ್ರು. ಅಪ್ಪ ಬಂದಿದ್ದೇ ಅದಕ್ಕೆ. ಬರೀ ಅದಕ್ಕೆ.

ಅಲ್ಲಿಂದಲೇ ಅವನಿಗೆ ಮೆಸೇಜ್ ಹಾಕ್ದೆ, ಅಷ್ಟು ಜನ ಇದ್ದಿದ್ರಿಂದ ಒಂದು ಮೆಸೇಜ್ ಹೋಗೋಕೆ ಹತ್ತು ನಿಮಿಷ. ಒಂದು ಗಂಟೆ ಬಿಟ್ಟು ಉತ್ತರ: ‘ನಾನು ಸೀಟ್ ಅಂದಿರ್ಲಿಲ್ಲ ಸರ್, ಜಾಗ ಅಂದಿದ್ದೆ.’ ಓದಿದ್ರಾ? ಸೀಟ್ ಅಲ್ಲ, ಜಾಗ. ಹಿಂದಕ್ಕೆ ಸ್ಕ್ರಾಲ್ ಮಾಡಿ ಅವನ ಮೆಸೇಜ್ ಎಲ್ಲಾ ಓದ್ದೆ, ಟಿಕೆಟ್ ಬರೋವರೆಗೂ ಎಲ್ಲೂ ಸೀಟ್ ಅಂತ ಬರೆದೇ ಇಲ್ಲ. ನಾನು ಪ್ರತಿ ಸಲ ಸೀಟ್ ಅಂತ ಕೇಳಿದೀನಿ, ಅವನು ಪ್ರತಿ ಸಲ ‘ಬೆಸ್ಟ್ ಜಾಗ’, ‘ಸೂಪರ್ ಸ್ಪಾಟ್’ ಅಂತ ಉತ್ತರ ಕೊಟ್ಟಿದಾನೆ. ಅಂದ್ರೆ ಮೊದಲ್ನೇ ದಿನದಿಂದ ಗೊತ್ತಿತ್ತು ಅವನಿಗೆ, ಯೋಚನೆ ಮಾಡಿ ಪದ ಆರಿಸ್ಕೊಂಡಿದಾನೆ. ದುಡ್ಡು ವಾಪಸ್ ಕೊಡು ಅಂದೆ. ‘ಒಳಗೆ ಹೋಗಿದೀರಲ್ಲ ಸರ್, ಸ್ಕ್ಯಾನ್ ಆಗಿದೆ, ಎಂಜಾಯ್ ಮಾಡಿ.’ ಆಮೇಲೆ ಇನ್ನೊಂದು: ‘ಅಂಕಲ್‌ಗೆ ವೀಲ್‌ಚೇರ್ ಕೇಳ್ಬೇಕಿತ್ತು ನೀವು.’ ಅಷ್ಟೇ. ಆಮೇಲೆ ಬ್ಲಾಕ್.

ಡರ್ಬಿ ಓಟ ಸಂಜೆ 6:57ಕ್ಕೆ. ಅಲ್ಲಿವರೆಗೂ ಅಪ್ಪ ಒದ್ದೆ ಹುಲ್ಲಲ್ಲಿ, ಪ್ಲಾಸ್ಟಿಕ್ ಕೋಟ್ ಹೊದ್ದು, ಒಂದ್ಸಲ ನಿಂತು ಒಂದ್ಸಲ ನನ್ನ ಹೆಗಲಿಗೆ ಒರಗಿ. ಅಮ್ಮ ಹೋಗೋಣ ಹೋಗೋಣ ಅಂತಿದ್ಲು, ಅಪ್ಪ ಬೇಡ ಅಂದ್ರು. ಒಂದೂಕಾಲು ಮೈಲಿ, ಎರಡು ನಿಮಿಷದ ಓಟ. ಹತ್ತೊಂಬತ್ತು ಕುದುರೆ ಓಡಿದ್ವು, ನಾವು ಒಂದನ್ನೂ ನೋಡ್ಲಿಲ್ಲ. ಬೇಲಿ ಹತ್ರ ಹೋಗೋಕಾಗ್ಲಿಲ್ಲ, ಮುಂದೆಲ್ಲ ತಲೆ, ಆ ತಲೆಗಳ ಮೇಲೆ ಜಾಕಿಗಳ ಬಣ್ಣದ ಟೋಪಿ ಸರ್ರಂತ ಹೋಯ್ತು, ಅಷ್ಟೇ ಕಂಡಿದ್ದು. ಗೊರಸಿನ ಸದ್ದು ಕೇಳಿಸ್ತು. ಅಪ್ಪ ಕಣ್ಣು ಮುಚ್ಕೊಂಡು ಕೇಳಿಸ್ಕೊಂಡ್ರು. ಯಾವುದು ಗೆದ್ದಿದ್ದು ಅಂತ ಪಕ್ಕದ ಹುಡುಗನ್ನ ಕೇಳಿ ತಿಳ್ಕೊಂಡ್ವಿ, ಸಾವರೀನ್ಟಿ. ಜರ್ನಲಿಸಂ ಎರಡ್ನೇದು. ರಾತ್ರಿ ಮೋಟೆಲಲ್ಲಿ ಫೋನಲ್ಲಿ ಓಟ ಹಾಕಿ ಕೊಟ್ಟೆ, ಕೊನೇ ನೇರದಲ್ಲಿ ಆ ಎರಡೂ ಕೆಸರಲ್ಲಿ ಹೇಗೆ ಬಂದ್ವು ಅಂತ ಅಪ್ಪ ಮೂರು ಸಲ ನೋಡಿದ್ರು. ಚಿಕಾಗೋದ ಸೋಫಾ ಮೇಲೆ ಕೂತು ಟೀವಿಯಲ್ಲಿ ಇದನ್ನ ಇನ್ನೂ ಚೆನ್ನಾಗಿ ನೋಡ್ಬಹುದಿತ್ತು. ಅವರು ಒಂದು ಮಾತೂ ಬೈಲಿಲ್ಲ ನನ್ನ. ಬೈದಿದ್ರೆ ಚೆನ್ನಾಗಿರ್ತಿತ್ತು.

ಕಾರ್ ತೆಗೆಯೋಕೂ ಒಂದೂವರೆ ಗಂಟೆ, ಹಿಂದೆ ನಾಲ್ಕು ಕಾರ್ ಅಡ್ಡ. ಹುಲ್ಲುಹಾಸಲ್ಲಿ ನಿಲ್ಲಿಸೋರು ಇದನ್ನೂ ಕೇಳ್ಕೊಳ್ಳಿ, ಮಧ್ಯದಲ್ಲಿ ಹೊರಗೆ ಬರೋಕಾಗುತ್ತಾ ಅಂತ.

ವಾಪಸ್ ಬಂದು ಬ್ಯಾಂಕಿಗೆ ಫೋನ್ ಮಾಡಿದ್ರೆ ‘ನೀವೇ ಒಪ್ಪಿ ಕಳಿಸಿದ ಹಣ, ನಾವೇನೂ ಮಾಡೋಕಾಗಲ್ಲ’ ಅಂದ್ರು. ಕಾರ್ಡಲ್ಲಿ ಕೊಟ್ಟಿದ್ರೆ ಡಿಸ್ಪ್ಯೂಟ್ ಹಾಕ್ಬಹುದಿತ್ತು. ಗುಂಪಲ್ಲಿ ಬರೆದೆ, ಅಡ್ಮಿನ್ ಡಿಲೀಟ್ ಮಾಡಿ ‘ವೈಯಕ್ತಿಕ ವ್ಯವಹಾರ ಇಲ್ಲಿ ಬೇಡ’ ಅಂದ್ರು. ಅವನ ಜಾಹೀರಾತು ಮಾತ್ರ ವೈಯಕ್ತಿಕ ಅಲ್ಲ ನೋಡಿ.

ಹೋಗೋ ಆಸೆ ಇದ್ರೆ ಖಂಡಿತ ಹೋಗಿ, ಹೋಗ್ಬೇಡಿ ಅಂತ ಹೇಳಲ್ಲ. ಆದ್ರೆ ಟಿಕೆಟ್ ರೇಸ್ ಕೋರ್ಸಿನ ಅಧಿಕೃತ ವೆಬ್‌ಸೈಟಿಂದಾನೇ, ಕಾರ್ಡಲ್ಲೇ ತಗೊಳ್ಳಿ. ಇದೇ ಇನ್‌ಫೀಲ್ಡ್ ಟಿಕೆಟ್ ಅಲ್ಲಿ ನಾನು ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆಗೆ ಇತ್ತು ಅಂತ ಆಮೇಲೆ ಗೊತ್ತಾಯ್ತು. ವಯಸ್ಸಾದೋರು ಜೊತೆಗಿದ್ರೆ ಗ್ರಾಂಡ್‌ಸ್ಟ್ಯಾಂಡಲ್ಲಿ ಚಾವಣಿ ಕೆಳಗಿನ ಸೀಟೇ ಹುಡುಕಿ, ಮೇಲೆ ತೆರೆದಿರೋ ಸೀಟೂ ಇರ್ತವೆ, ನೋಡ್ಕೊಳ್ಳಿ. ಮಂಡಿ ನೋವಿದ್ರೆ ಆ ಅಂಗಳದ ಪಾರ್ಕಿಂಗ್ ಸಹವಾಸ ಬೇಡ, ಕೆಂಟಕಿ ಎಕ್ಸ್‌ಪೊಸಿಷನ್ ಸೆಂಟರ್ ಕಡೆ ಪಾರ್ಕಿಂಗ್ ಮೊದ್ಲೇ ಬುಕ್ ಮಾಡಿ ಶಟಲ್‌ನಲ್ಲಿ ಹೋಗೋ ಥರ ಇದೆಯಾ ನೋಡಿ. ದುಡ್ಡು ಸಾಲದಿದ್ರೆ ಇನ್ನೊಂದು ದಿನ ಹೋಗಿ, ಡರ್ಬಿ ವಾರದ ಮಾಮೂಲಿ ದಿನ, ಅದೇ ಟ್ರ್ಯಾಕು, ಜನ ಕಡಿಮೆ. ನಾನು ಅದನ್ನೇ ಮಾಡಿದ್ರೆ ಅಪ್ಪ ಕುದುರೆ ನೋಡ್ಕೊಂಡು ಊರಿಗೆ ಹೋಗ್ತಿದ್ರು.

2026ರ ಡರ್ಬಿ ಮೇ 2ಕ್ಕೆ. ಆ ಫಾರ್ವರ್ಡ್ ಕೆಳಗೆ ಈಗಾಗ್ಲೇ ಇಬ್ರು ‘ಇಂಟರೆಸ್ಟೆಡ್’ ಅಂತ ಹಾಕಿದಾರೆ, ಒಬ್ರು ಅಪ್ಪ ಅಮ್ಮ ಬರ್ತಿದಾರೆ ಅಂತಾನೂ ಬರೆದಿದಾರೆ. ನೀವು ಇದನ್ನ ಓದ್ತಿದ್ರೆ, ದುಡ್ಡು ಕಳಿಸೋ ಮೊದ್ಲು ಅವನನ್ನ ಬರೆದು ಕೇಳಿ: ಸೆಕ್ಷನ್ ಎಷ್ಟು, ರೋ ಎಷ್ಟು, ಸೀಟ್ ನಂಬರ್ ಎಷ್ಟು. ‘ಸೂಪರ್ ಸ್ಪಾಟ್ ಸರ್’ ಅಂತ ಬಂದ್ರೆ ಅದು ಅವನೇ.